ಬರೆಯದೆ ಉಳಿದ ಸುದ್ದಿಗೆ ಅಂಕವಿಲ್ಲ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ನಮ್ಮದು ಎಷ್ಟನೇ ಸ್ಥಾನ? ಕಂದಾಯದ ಲೆಕ್ಕದಲ್ಲಿ ಈ ನಾಲ್ಕೂ ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಗೆ ಇವು ಬೇರೆಯದೇ ಒಂದು ಜಿಲ್ಲೆ, ಮಧುಗಿರಿ ಅದರ ಕೇಂದ್ರ. ಹಾಗಾಗಿ ಪಟ್ಟಿಯಲ್ಲಿ ಮೇಲೇರುವುದು, ಕೆಳಗಿಳಿಯುವುದು ಇಲ್ಲಿನವರಿಗೆ ಹೊಸ ಮಾತಲ್ಲ. ಪಟ್ಟಿಯ ಮರ್ಮವೂ ಅವರಿಗೆ ಗೊತ್ತು. 2023ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಮೇಲೆ, ಕೃಪಾಂಕ ಹೆಚ್ಚಿಸಿಯೂ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಅಳೆಯುವ ಬಗೆ ಬದಲಾಯಿತು. ಎಲ್ಲರೂ ಕುಸಿದ ವರ್ಷದಲ್ಲಿ ಸ್ವಲ್ಪ ಕಡಿಮೆ ಕುಸಿದವನು ಪಟ್ಟಿಯಲ್ಲಿ ಮೇಲೆ ಬರುತ್ತಾನೆ. ಇಷ್ಟು ತಿಳಿದವರಿಗೆ ಇನ್ನೊಂದು ಪಟ್ಟಿಯನ್ನು ಓದುವುದು ಕಷ್ಟವಾಗಬಾರದು. ಅದು ಜಗತ್ತಿನ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿ. ಅದರಲ್ಲಿ 2025ರಲ್ಲಿ 180 ದೇಶಗಳ ಪೈಕಿ ಭಾರತದ ಸ್ಥಾನ 151.

ಈ ಪಟ್ಟಿಯನ್ನು 2002ರಿಂದ ಪ್ರಕಟಿಸುತ್ತಿರುವುದು ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ಸಂಸ್ಥೆ. 1985ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಇದು ಪ್ರತಿ ದೇಶಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅಂಕ ಎರಡು ಕಡೆಯಿಂದ ಬರುತ್ತದೆ. ಆ ವರ್ಷ ಎಷ್ಟು ಪತ್ರಕರ್ತರು ಕೊಲೆಯಾದರು, ಎಷ್ಟು ಮಂದಿ ಜೈಲು ಸೇರಿದರು, ಎಷ್ಟು ಹಲ್ಲೆ ನಡೆಯಿತು ಎಂಬ ಎಣಿಕೆ ಒಂದು. ಪತ್ರಕರ್ತರು, ಸಂಶೋಧಕರು, ಪ್ರಾಧ್ಯಾಪಕರು, ಮಾನವ ಹಕ್ಕುಗಳ ಕೆಲಸಗಾರರು ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಗೆ ಕೊಡುವ ಉತ್ತರ ಇನ್ನೊಂದು. 2022ರಿಂದ ರಾಜಕೀಯ, ಆರ್ಥಿಕ ಸ್ಥಿತಿ, ಕಾನೂನು, ಸಮಾಜ, ಸುರಕ್ಷತೆ ಎಂಬ ಐದು ಕಣ್ಣುಗಳಿಂದ ಇದನ್ನು ನೋಡುತ್ತಾರೆ. ಇನ್ನು ಅಂಕಗಳನ್ನು ಗಮನಿಸಿ. 2022ರಲ್ಲಿ ಭಾರತಕ್ಕೆ 41 ಅಂಕ, 150ನೇ ಸ್ಥಾನ. 2023ರಲ್ಲಿ 36.62 ಅಂಕ, 161ನೇ ಸ್ಥಾನ. 2024ರಲ್ಲಿ 31.28 ಅಂಕ, ಆದರೆ ಸ್ಥಾನ 159. ಅಂಕ ಐದಕ್ಕೂ ಹೆಚ್ಚು ಇಳಿದ ವರ್ಷವೇ ಸ್ಥಾನ ಎರಡು ಮೆಟ್ಟಿಲು ಏರಿತು! ನಮಗಿಂತ ಜೋರಾಗಿ ಕುಸಿದವರು ನಮ್ಮನ್ನು ಮೇಲಕ್ಕೆ ತಳ್ಳಿದ್ದರು. ಸ್ಥಾನವನ್ನು ಹಿಡಿದು ಸಂಭ್ರಮಿಸುವವರೂ ಎದೆ ಬಡಿದುಕೊಳ್ಳುವವರೂ ಈ ಒಂದು ಸಾಲನ್ನು ಓದಿದ್ದರೆ ಸಾಕಿತ್ತು. 40ಕ್ಕಿಂತ ಕಡಿಮೆ ಅಂಕ ಬಂದ ದೇಶವನ್ನು ಸಂಸ್ಥೆ ‘ಅತಿ ಗಂಭೀರ’ ಎಂಬ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಸ್ಥಾನ ಏನೇ ಆಗಿರಲಿ, 2023ರಿಂದ ಭಾರತ ಆ ಕೆಂಪಿನಲ್ಲಿದೆ.

ಕೇಂದ್ರ ಸರ್ಕಾರ ಈ ಪಟ್ಟಿಯನ್ನು ಒಪ್ಪುವುದಿಲ್ಲ. ಉತ್ತರ ಕೊಟ್ಟವರ ಸಂಖ್ಯೆ ತೀರಾ ಕಡಿಮೆ, ವಿಧಾನ ಪಾರದರ್ಶಕವಲ್ಲ, ಪ್ರಜಾಪ್ರಭುತ್ವದ ಮೂಲ ಅಂಶಗಳಿಗೆ ಬೆಲೆ ಕೊಟ್ಟಿಲ್ಲ ಎಂದು ಸಂಸತ್ತಿನಲ್ಲೇ ಹೇಳಿದೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನೂರನಲವತ್ತು ಕೋಟಿ ಜನ, ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ನೋಂದಾಯಿತ ಪತ್ರಿಕೆಗಳಿರುವ ದೇಶದ ಸ್ಥಿತಿಯನ್ನು ಕೆಲವೇ ಮಂದಿಯ ಅಭಿಪ್ರಾಯ ಪೂರ್ತಿ ಹಿಡಿದುಕೊಡಲಾರದು. ದೆಹಲಿಯಲ್ಲಿ ಕೂತು ಪ್ರಶ್ನಾವಳಿ ತುಂಬುವವರಿಗೆ ಪಾವಗಡದ ವರದಿಗಾರನ ಪಾಡು ಕಾಣುವುದೂ ಕಷ್ಟ. ಆದರೆ ವಿಧಾನ ಸರಿಯಿಲ್ಲ ಎನ್ನುವವರು ಸರಿಯಾದ ವಿಧಾನವನ್ನು ತೋರಿಸಬೇಕಲ್ಲವೇ? 2020ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇದಕ್ಕಾಗಿಯೇ ಸೂಚ್ಯಂಕ ಪರಿಶೀಲನೆಯ ಸಮಿತಿಯೊಂದನ್ನು ಮಾಡಿತು. ಅದರ ಸದಸ್ಯರಾಗಿದ್ದ ಹಿರಿಯ ಪತ್ರಕರ್ತ ಪಿ. ಸಾಯಿನಾಥ್ ಕರಡು ವರದಿಗೆ ಭಿನ್ನಾಭಿಪ್ರಾಯದ ಟಿಪ್ಪಣಿ ಬರೆಯಬೇಕಾಯಿತು. ಇತ್ತ ಪತ್ರಕರ್ತರ ಮೇಲಿನ ಹಲ್ಲೆಗಳ ಬಗ್ಗೆ ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ಪ್ರತ್ಯೇಕವಾಗಿ ಲೆಕ್ಕ ಇಡುವುದಿಲ್ಲ ಎಂಬ ಉತ್ತರ ಸಂಸತ್ತಿನಲ್ಲಿ ಮತ್ತೆ ಮತ್ತೆ ಬಂದಿದೆ. ತಾನೂ ಎಣಿಸದೆ, ಎಣಿಸಿದವರ ಲೆಕ್ಕವನ್ನೂ ತಪ್ಪು ಎನ್ನುವ ಸರ್ಕಾರದ ವಾದಕ್ಕೆ ಬಲ ಬರುವುದಿಲ್ಲ. ಹೊರಗಿನವರು ನಮ್ಮನ್ನು ಅಳೆಯಬಾರದು ಎಂಬ ಮಾತೂ ನಿಲ್ಲುವುದಿಲ್ಲ, ಉದ್ಯಮ ನಡೆಸಲು ಅನುಕೂಲವಿರುವ ದೇಶಗಳ ಪಟ್ಟಿಯಲ್ಲಿ ನಾವು ಮೇಲೇರಿದಾಗ ಅದನ್ನು ಹೊರಗಿನವರ ಲೆಕ್ಕವೆಂದು ಯಾರೂ ದೂರಲಿಲ್ಲ.

ಪಟ್ಟಿಯ ನಿಜವಾದ ಕೊರತೆ ಸರ್ಕಾರ ಹೇಳುವ ಕಡೆ ಇಲ್ಲ. ಅದರ ಎಣಿಕೆಗೆ ಸಿಗುವುದು ನಡೆದದ್ದು ಮಾತ್ರ. ಹೊಡೆತ, ಬಂಧನ, ಕೊಲೆ, ನಿಷೇಧ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ಬರೆಯಬೇಕಾಗಿದ್ದೂ ಬರೆಯದೆ ಉಳಿದ ಸುದ್ದಿ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಎಷ್ಟು ದೊಡ್ಡ ಕೊರತೆ ಎಂದು ತಿಳಿಯಲು ಹಳೆಯ ಮೈಸೂರು ಸಂಸ್ಥಾನವನ್ನು ನೆನೆಯಬೇಕು. ಈ ನಾಲ್ಕೂ ತಾಲ್ಲೂಕುಗಳು ಆಗ ಅದರೊಳಗಿದ್ದವು. 1908ರಲ್ಲಿ ದಿವಾನ ವಿ.ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕೆಗಳ ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಯಾರೂ ಪತ್ರಿಕೆ ಹೊರಡಿಸುವಂತಿರಲಿಲ್ಲ, ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. ಮೈಸೂರಿನಲ್ಲಿ ಜನ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಈ ಕಾನೂನಿಗೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. ಡಿ.ವಿ. ಗುಂಡಪ್ಪನವರು ಆ ಕಾನೂನಿನ ವಿರುದ್ಧ ಬರೆದರು. ಈಗ ಯೋಚಿಸಿ: 1909ರಲ್ಲಿ ಯಾರಾದರೂ ಬಂದು ಮೈಸೂರಿನ ಪತ್ರಿಕಾ ಸ್ವಾತಂತ್ರ್ಯವನ್ನು ಬಂಧನಗಳ ಎಣಿಕೆಯಿಂದ ಅಳೆದಿದ್ದರೆ ಏನಾಗುತ್ತಿತ್ತು? ಬರೆಯುವವರೇ ಬಾಗಿಲು ಹಾಕಿದ್ದರಿಂದ ಹಿಡಿದು ಜೈಲಿಗೆ ಹಾಕಲು ಹೆಚ್ಚು ಮಂದಿ ಉಳಿದಿರಲಿಲ್ಲ. ಸಂಸ್ಥಾನ ಒಳ್ಳೆಯ ಅಂಕವನ್ನೇ ಗಳಿಸುತ್ತಿತ್ತು. ಹೆದರಿಕೆ ಪೂರ್ತಿ ಕೆಲಸ ಮಾಡಿದ ಊರಲ್ಲಿ ಲಾಠಿಗೆ ಕೆಲಸವಿರುವುದಿಲ್ಲ. ನೂರು ವರ್ಷ ಕಳೆದರೂ ಅಳೆಯುವವರನ್ನು ದಾರಿ ತಪ್ಪಿಸುತ್ತಿರುವುದು ಇದೇ ಮೌನ.

ಅದೇ ಸಂಸ್ಥಾನದಲ್ಲಿ, ಅದರ ಗಡಿಯಲ್ಲೇ, ಮೌನವನ್ನು ಮುರಿದ ಕಥೆಯೂ ಇದೆ. 1938ರ ಏಪ್ರಿಲ್ 25ರಂದು ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಎಂದು ಸರ್ಕಾರಿ ಲೆಕ್ಕ ಹೇಳಿತು. ಜನರ ನೆನಪಿನಲ್ಲಿ ಉಳಿದ ಲೆಕ್ಕ 32. ಸುದ್ದಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಹೆಣಗಳ ಎಣಿಕೆಯೂ ನಿಂತಿರುತ್ತದೆ. ಒಂಬತ್ತು ವರ್ಷದ ಮೇಲೆ, ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಾರದಿದ್ದಾಗ, ‘ಮೈಸೂರು ಚಲೋ’ ಚಳವಳಿ ಎದ್ದಿತು. ಸಂಸ್ಥಾನ ಮತ್ತೆ ಪತ್ರಿಕೆಗಳ ಬಾಯಿ ಕಟ್ಟಲು ಹೊರಟಿತು. ಆಗ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಹಿಂದೂಪುರದಿಂದ ಹೊರಡಿಸಿದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯದ ಊರು. ಮಧುಗಿರಿ, ಪಾವಗಡದವರಿಗೆ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿಬರುವಷ್ಟು ಹತ್ತಿರ. ಒಂದು ಗೆರೆಯ ಆಚೆ ಅಚ್ಚಾದರೆ ಪತ್ರಿಕೆ, ಈಚೆ ಅಚ್ಚಾದರೆ ಅಪರಾಧ! ಮೂರು ವರ್ಷದ ನಂತರ, 1950ರಲ್ಲಿ, ಅದೇ ಮದ್ರಾಸ್ ಸರ್ಕಾರ ಮುಂಬಯಿಯ ‘ಕ್ರಾಸ್ ರೋಡ್ಸ್’ ಪತ್ರಿಕೆ ತನ್ನ ಗಡಿಯೊಳಗೆ ಬರದಂತೆ ತಡೆಯಿತು. ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ರದ್ದುಪಡಿಸಿತು. ಓದುಗನಿಗೆ ತಲುಪುವ ಹಕ್ಕಿಲ್ಲದೆ ಬರೆಯುವ ಹಕ್ಕಿಗೆ ಅರ್ಥವಿಲ್ಲ ಎಂಬುದು ಅದರ ತಿರುಳು. ಪತ್ರಿಕೆಗೆ ಗಡಿ ಕಟ್ಟುವುದು ಹಾಗೆ ಈ ದೇಶದಲ್ಲಿ ಕಾನೂನುಬಾಹಿರವಾಯಿತು. ಆ ತೀರ್ಪು ಸರ್ಕಾರಕ್ಕೆ ಹಿಡಿಸಲಿಲ್ಲ. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂದು, ವಾಕ್ ಸ್ವಾತಂತ್ರ್ಯಕ್ಕೆ ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಹೊಸ ಬೇಲಿಗಳನ್ನು ಹಾಕಿತು. ಜೊತೆಗೆ ‘ಸಮಂಜಸ’ ಎಂಬ ಒಂದು ಪದವನ್ನೂ ಸೇರಿಸಿತು. ಅಂದಿನಿಂದ ಇಂದಿನವರೆಗೂ ಎಲ್ಲ ವ್ಯಾಜ್ಯವೂ ಆ ಒಂದು ಪದದ ಸುತ್ತಲೇ.

ಮಿತಿಗಳೇ ಬೇಡ ಎಂದು ಈ ಬರಹ ವಾದಿಸುತ್ತಿಲ್ಲ. ಸಂವಿಧಾನದ 19ನೇ ವಿಧಿಯ 1ನೇ ಖಂಡ ಮಾತಿನ ಹಕ್ಕು ಕೊಟ್ಟರೆ, 2ನೇ ಖಂಡ ಎಂಟು ಕಾರಣಗಳಿಗೆ ಅದನ್ನು ಮಿತಗೊಳಿಸಬಹುದು ಎನ್ನುತ್ತದೆ. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಎಂಬ ಎಂಟು ಬಿಟ್ಟರೆ ಒಂಬತ್ತನೆಯದಿಲ್ಲ. ಆಡಳಿತಕ್ಕೆ ಮುಜುಗರ, ಶಾಸಕರಿಗೆ ಸಿಟ್ಟು, ಜಾತಿಯ ಮುಖಂಡರಿಗೆ ಬೇಸರ ಇವು ಆ ಪಟ್ಟಿಯಲ್ಲಿಲ್ಲ. ಪತ್ರಿಕೆಗೆಂದೇ ಬೇರೆ ಹಕ್ಕನ್ನೂ ನಮ್ಮ ಸಂವಿಧಾನ ಬರೆದಿಲ್ಲ. ಸಂಪಾದಕನೂ ನಾಗರಿಕನೇ, ನಾಗರಿಕನ ಹಕ್ಕೇ ಅವನ ಹಕ್ಕು ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ಪತ್ರಿಕಾ ಸ್ವಾತಂತ್ರ್ಯ ಪತ್ರಕರ್ತರ ಸಂಘದ ಬೇಡಿಕೆ ಮಾತ್ರ ಎಂದು ತಿಳಿದವರು ಇದನ್ನು ನೆನಪಿಡಬೇಕು. ಸಂತೆಯಲ್ಲಿ ನಿಂತು ತಹಸೀಲ್ದಾರರನ್ನು ಪ್ರಶ್ನಿಸುವ ರೈತನ ಹಕ್ಕೂ ಅದೇ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. 2025ರ ಆಗಸ್ಟ್‌ನಲ್ಲಿ ಮಧುಗಿರಿಯ ಶಾಸಕ ಕೆ.ಎನ್. ರಾಜಣ್ಣನವರು ಮತದಾರರ ಪಟ್ಟಿಯ ಬಗ್ಗೆ ತಮ್ಮ ಪಕ್ಷಕ್ಕೆ ಇರುಸುಮುರುಸಾಗುವ ಮಾತಾಡಿ ಸಚಿವ ಸ್ಥಾನ ಕಳೆದುಕೊಂಡರು. ಅದು ಸರಿಯೋ ತಪ್ಪೋ, ಪಕ್ಷದೊಳಗಿನ ವಿಚಾರ. ಸಚಿವ ಸ್ಥಾನ ಹೋಗಬಹುದು, ಮಾತಾಡಿದ್ದಕ್ಕೆ ಜೈಲು ಬಂದರೆ ಮಾತ್ರ ಸಂವಿಧಾನ ನಡುವೆ ಬರುತ್ತದೆ. ಹಕ್ಕು ಇರುವುದು ಸರ್ಕಾರದ ಬಲಪ್ರಯೋಗದ ವಿರುದ್ಧ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಸ್ವಾತಂತ್ರ್ಯ ಈಗಾಗಲೇ ಹೆಚ್ಚಾಗಿದೆ, ಕೈಯಲ್ಲಿ ಮೊಬೈಲ್ ಇರುವವನೆಲ್ಲ ವರದಿಗಾರ, ಸುಳ್ಳು ಸುದ್ದಿಯಿಂದ ಜೀವ ಹೋಗುತ್ತಿದೆ ಎಂಬುದು ಆ ಆಕ್ಷೇಪ. ಜೀವ ಹೋಗಿರುವುದು ನಿಜ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಆದರೆ ಹಾಗೆ ಕೊಲ್ಲುವುದೂ ಕೊಲ್ಲಲು ಹುರಿದುಂಬಿಸುವುದೂ ಆಗಲೂ ಅಪರಾಧವೇ ಆಗಿತ್ತು. ಆ ದಿನ ಕೊರತೆಯಾದದ್ದು ಕಾನೂನಲ್ಲ, ಹಳ್ಳಿಗೆ ಸಮಯಕ್ಕೆ ತಲುಪುವ ನಂಬಿಕಸ್ಥ ಸುದ್ದಿ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಕೊರಟಗೆರೆಯ ಶಾಸಕರೂ ಗೃಹ ಸಚಿವರೂ ಆದ ಜಿ. ಪರಮೇಶ್ವರ ಅವರು ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಮಂಡಿಸಿದರು, ಗದ್ದಲದ ನಡುವೆ ಅದು ಅಂಗೀಕಾರವಾಯಿತು. ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಜೈಲು, ಜಾಮೀನು ಸುಲಭವಾಗಿ ಸಿಗದ ಅಪರಾಧ. ಅದರ ಉದ್ದೇಶವನ್ನು ಸಂಶಯಿಸಬೇಕಿಲ್ಲ. ಜಾತಿ, ಧರ್ಮ, ಭಾಷೆ, ಲಿಂಗದ ಹೆಸರಿನಲ್ಲಿ ಹಗೆ ಬಿತ್ತುವವರಿಂದ ಬಡವರೇ ಹೆಚ್ಚು ನೊಂದಿದ್ದಾರೆ. ಸಂಶಯ ಇರುವುದು ಅಳತೆಯಲ್ಲಿ. ಸೌಹಾರ್ದ ಕೆಡಿಸುವ ಮಾತು ಯಾವುದು ಎಂಬುದನ್ನು ಮೊದಲು ತೀರ್ಮಾನಿಸುವುದು ಠಾಣೆ. ದಲಿತರಿಗೆ ದೇವಸ್ಥಾನದ ಬಾಗಿಲು ತೆಗೆಯದ ಊರಿನ ಹೆಸರನ್ನು ವರದಿಗಾರ ಬರೆದರೆ, ಊರಿನ ಸೌಹಾರ್ದ ಕೆಡಿಸಿದವನು ಅವನೇ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕಿದ್ದು ಇಂಥ ಅಸ್ಪಷ್ಟತೆಗಾಗಿಯೇ. ಚರ್ಚೆ, ಪ್ರತಿಪಾದನೆ ಎಷ್ಟೇ ಕಟುವಾಗಿದ್ದರೂ ಮಾತೇ. ಪ್ರಚೋದನೆಯ ಹಂತ ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬೇಕು ಎಂದು ಅದು ಗೆರೆ ಎಳೆಯಿತು. ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರ ಅರ್ಜಿಯ ಮೇಲೆ 2022ರ ಮೇ 11ರಂದು ಅದೇ ಕೋರ್ಟು ರಾಜದ್ರೋಹದ ಕಲಮನ್ನು ತಡೆಹಿಡಿಯಿತು. ಹೊಸ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮಿನಲ್ಲಿ ಅದರ ನೆರಳು ಮತ್ತೆ ಬಂದಿದೆ. ಒಂದು ಕಲಮು ಬಿದ್ದರೆ ಇನ್ನೊಂದು ಏಳುತ್ತದೆ. ಹಾಗಾಗಿ ಕಾನೂನಿನ ಪುಸ್ತಕವನ್ನಷ್ಟೇ ಓದಿ ಅಂಕ ಕೊಡುವವರು ಅರ್ಧ ದಾರಿಯಲ್ಲೇ ನಿಂತಂತೆ.

ಉಳಿದರ್ಧ ದಾರಿ ಕೋರ್ಟಿಗೆ ಅಲೆಯುವುದರಲ್ಲಿದೆ. ಶಿಕ್ಷೆಯಾಗುವುದು ಅಪರೂಪ, ಅಲೆದಾಟವೇ ಶಿಕ್ಷೆ. 2020ರ ಅಕ್ಟೋಬರ್‌ನಲ್ಲಿ ರೈತ ಹೋರಾಟದ ಬಗ್ಗೆ ಹಿಂದಿ ಚಿತ್ರನಟಿಯೊಬ್ಬರು ಬರೆದ ಟ್ವೀಟ್‌ಗಾಗಿ ಎಫ್‌ಐಆರ್ ದಾಖಲಿಸಲು ತುಮಕೂರಿನ ನ್ಯಾಯಾಲಯ ಕ್ಯಾತಸಂದ್ರ ಠಾಣೆಗೆ ಆದೇಶಿಸಿತು. ಆ ಟ್ವೀಟನ್ನು ಮೆಚ್ಚದವರು ಅನೇಕರಿದ್ದರು, ಮೆಚ್ಚದಿರಲು ಕಾರಣವೂ ಇತ್ತು. ಆದರೆ ದೂರದಲ್ಲೆಲ್ಲೋ ಕೂತವರ ಮಾತಿಗೆ ಕ್ಯಾತಸಂದ್ರದಲ್ಲಿ ಕೇಸು ಹಾಕಲು ಸಾಧ್ಯವಾದರೆ, ಶಿರಾದ ವರದಿಗಾರನ ಮಾತಿಗೆ ಯಾವ ದೂರದ ಊರಿನಲ್ಲಾದರೂ ಕೇಸು ಬೀಳಬಹುದು. ನಟಿಗೆ ವಕೀಲರ ಪಡೆ ಇರುತ್ತದೆ, ವರದಿಗಾರನಿಗೆ ಬಸ್ ಚಾರ್ಜೂ ಹೊರೆ. ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದದ್ದು ಜಗತ್ತಿನ ಪಟ್ಟಿಗಳಲ್ಲೆಲ್ಲ ದಾಖಲಾಯಿತು. ಅದಕ್ಕೂ ಮೊದಲು, 2008ರ ವರದಿಯೊಂದಕ್ಕೆ ಹುಬ್ಬಳ್ಳಿ ನ್ಯಾಯಾಲಯದಲ್ಲಿ ಎಂಟು ವರ್ಷ ನಡೆದ ಮಾನನಷ್ಟ ಪ್ರಕರಣದಲ್ಲಿ 2016ರ ನವೆಂಬರ್‌ನಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆಯಾಗಿತ್ತು. ಆ ಎಂಟು ವರ್ಷವನ್ನು ಯಾವ ಅಂಕದಲ್ಲಿ ಸೇರಿಸುವುದು? 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ಒಂದು ವರ್ಷ ಜೈಲು, ಹತ್ತು ಸಾವಿರ ದಂಡ ವಿಧಿಸಿತು. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. ಆ ಪತ್ರಿಕೆಗಳ ಶೈಲಿ ನಿಮಗೆ ಇಷ್ಟವಿತ್ತೋ ಇಲ್ಲವೋ ಬೇರೆ ಮಾತು, ನೊಂದವನೇ ನ್ಯಾಯಾಧೀಶನಾಗುವುದು ಯಾವ ನ್ಯಾಯಶಾಸ್ತ್ರದಲ್ಲೂ ಇಲ್ಲ. ಹಕ್ಕುಚ್ಯುತಿ ಎಂದರೇನು ಎಂಬುದನ್ನು ಕಾನೂನಾಗಿ ಬರೆಯಲು ಶಾಸನಸಭೆಗಳು ಇವತ್ತಿಗೂ ಮನಸ್ಸು ಮಾಡಿಲ್ಲ.

ಇದಕ್ಕಿಂತ ಸದ್ದಿಲ್ಲದ ಅಸ್ತ್ರ ತಡೆಯಾಜ್ಞೆ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು, ತಮ್ಮ ಬಗ್ಗೆ ಮಾನಹಾನಿಕರವಾದುದನ್ನು ಪ್ರಕಟಿಸದಂತೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಿಂದ ಹತ್ತಾರು ಮಾಧ್ಯಮಗಳ ವಿರುದ್ಧ ಒಂದೇ ಏಟಿಗೆ ಆದೇಶ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣದಲ್ಲಿ ಅಂಥದೇ ಆದೇಶ 8,800ಕ್ಕೂ ಹೆಚ್ಚು ಕೊಂಡಿಗಳ ಮೇಲೆ ಬಿತ್ತು. ಆಗಸ್ಟ್ 1ರಂದು ಹೈಕೋರ್ಟ್ ಒಂದು ಯೂಟ್ಯೂಬ್ ಚಾನೆಲ್‌ನ ಮಟ್ಟಿಗೆ ಅದನ್ನು ರದ್ದುಪಡಿಸಿತು. ವಿಚಾರಣೆಗೆ ಮೊದಲೇ ಬಾಯಿ ಕಟ್ಟುವ ಆದೇಶಗಳನ್ನು ಯಾಂತ್ರಿಕವಾಗಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲೇ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಎಚ್ಚರಿಕೆ ನೀಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇಂಥ ಆದೇಶದಿಂದ ಯಾರೂ ಜೈಲಿಗೆ ಹೋಗುವುದಿಲ್ಲ, ಯಾರ ತಲೆಯೂ ಒಡೆಯುವುದಿಲ್ಲ. ಸುದ್ದಿ ಮಾತ್ರ ಬರುವುದಿಲ್ಲ.

ಈಗ ತಾಲ್ಲೂಕಿಗೆ ಇಳಿಯೋಣ. ಕನ್ನಡದ ಬಹುಪಾಲು ಪತ್ರಿಕೆಗಳಿಗೆ ತಾಲ್ಲೂಕಿನಿಂದ ಬರೆಯುವವರು ಪೂರ್ಣಾವಧಿ ನೌಕರರಲ್ಲ. ಅರೆಕಾಲಿಕ ವರದಿಗಾರ, ಸುದ್ದಿಗಾರ, ಸ್ಟ್ರಿಂಗರ್ ಎಂಬ ಹೆಸರುಗಳಲ್ಲಿ ದುಡಿಯುವ ಇವರಿಗೆ ಸಿಗುವುದು ಅಲ್ಪ ಗೌರವಧನ, ಕೆಲವೊಮ್ಮೆ ಅದೂ ಇಲ್ಲ. ಹೊಟ್ಟೆಪಾಡಿಗೆ ಬೇರೊಂದು ಕೆಲಸ ಇರಲೇಬೇಕು. ಅನೇಕ ಕಡೆ ಸುದ್ದಿ ಕಳಿಸುವವರೇ ಜಾಹೀರಾತನ್ನೂ ತರಬೇಕು. ಜಾಹೀರಾತು ಕೊಡುವವರು ಯಾರು? ಹುಟ್ಟುಹಬ್ಬದ ಶುಭಾಶಯ ಹಾಕಿಸುವ ಮುಖಂಡ, ರಸ್ತೆಯ ಗುತ್ತಿಗೆದಾರ, ಖಾಸಗಿ ಶಾಲೆಯ ಮಾಲೀಕ, ಪುರಸಭೆ. ಸುದ್ದಿಯಾಗಬೇಕಾದವರೂ ಹೆಚ್ಚು ಕಡಿಮೆ ಇವರೇ. ಕಿತ್ತುಹೋದ ರಸ್ತೆಯ ಫೋಟೊ ತೆಗೆದವನು ನಾಳೆ ಅದೇ ಗುತ್ತಿಗೆದಾರನ ಮನೆಗೆ ರಾಜ್ಯೋತ್ಸವದ ಪುರವಣಿಗೆಂದು ಹೋಗಿ ನಿಲ್ಲಬೇಕು. ಅವನನ್ನು ಯಾರೂ ಬೆದರಿಸಬೇಕಿಲ್ಲ. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದೆ, ಅದು ಒಳ್ಳೆಯದೇ. ಆದರೆ ಬಸ್ಸು ಸುದ್ದಿಯ ಜಾಗಕ್ಕೆ ಒಯ್ದೀತು. ಬರೆದ ಮೇಲೆ ಊರಲ್ಲಿ ಬದುಕಲು ಬೇಕಾದ ಸಂಬಳವನ್ನು ಕೊಡಬೇಕಾದವರು ಪತ್ರಿಕೆಯ ಮಾಲೀಕರು. ಈ ವಿಚಾರದಲ್ಲಿ ಸರ್ಕಾರವನ್ನಷ್ಟೇ ಬೈಯುವುದು ಅರ್ಧ ಸತ್ಯ. ಸಂಪಾದಕೀಯದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಮರುಗುವ ಸಂಸ್ಥೆಗಳೇ ತಮ್ಮ ತಾಲ್ಲೂಕು ವರದಿಗಾರನಿಗೆ ನೇಮಕದ ಪತ್ರವನ್ನೂ ಕೊಟ್ಟಿರುವುದಿಲ್ಲ. ಕೇಸು ಬಿದ್ದ ದಿನ ಅವನು ನಮ್ಮವನಲ್ಲ ಎನ್ನಲು ಇದರಷ್ಟು ಅನುಕೂಲ ಬೇರಿಲ್ಲ. ಛತ್ತೀಸಗಡದ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಅಕ್ರಮ ಬಯಲಿಗೆ ತಂದ ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ಶವ 2025ರ ಜನವರಿಯಲ್ಲಿ ಶೌಚಗುಂಡಿಯಲ್ಲಿ ಸಿಕ್ಕಿತು. ರಾಜಧಾನಿಯ ಸ್ಟುಡಿಯೋಗಳಿಂದ ದೂರವಿರುವ ಇಂಥ ಊರುಗಳಲ್ಲೇ ಗುತ್ತಿಗೆದಾರ ಮತ್ತು ವರದಿಗಾರ ದಿನವೂ ಎದುರುಬದುರಾಗುತ್ತಾರೆ.

ಮೊಬೈಲ್ ಬಂದು ಎಲ್ಲರಿಗೂ ಬಾಯಿ ಬಂತಲ್ಲ, ಇನ್ನು ತಾಲ್ಲೂಕು ವರದಿಗಾರ ಯಾಕೆ ಎಂದು ಕೇಳುವವರಿದ್ದಾರೆ. ಒಂದು ವಿಡಿಯೋದಿಂದ ಅನ್ಯಾಯ ಬೆಳಕಿಗೆ ಬಂದ ಉದಾಹರಣೆಗಳು ಎಷ್ಟೋ ಇವೆ, ಅದನ್ನು ಕಡೆಗಣಿಸಲಾಗದು. ಆದರೆ ವಿಡಿಯೋ ಹಿಡಿಯುವುದು ಕ್ಷಣವನ್ನು. ನಿಧಾನವಾಗಿ ನಡೆಯುವ ಹಾನಿ ಅದರ ಕಣ್ಣಿಗೆ ಬೀಳುವುದಿಲ್ಲ. ಸ್ವತಂತ್ರ ಪತ್ರಿಕೆಗಳಿರುವ ಪ್ರಜಾಪ್ರಭುತ್ವದಲ್ಲಿ ಕ್ಷಾಮದ ಸಾವು ಸಂಭವಿಸುವುದಿಲ್ಲ ಎಂಬುದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಹೆಸರಾಂತ ವಾದ. ಅವರೇ ಇನ್ನೊಂದು ಮಾತನ್ನೂ ಸೇರಿಸಿದ್ದರು: ಕ್ಷಾಮದಂಥ ಎದ್ದುಕಾಣುವ ಅನಾಹುತಕ್ಕೆ ಎಚ್ಚರಗೊಳ್ಳುವ ಪತ್ರಿಕೆಗಳು, ದಿನವೂ ಇರುವ ಅರೆಹೊಟ್ಟೆಯನ್ನು ಸುದ್ದಿಯೆಂದೇ ನೋಡುವುದಿಲ್ಲ. ಪಾವಗಡಕ್ಕಿಂತ ಚೆನ್ನಾಗಿ ಇದನ್ನು ತೋರಿಸುವ ಜಾಗ ಕಡಿಮೆ. ಮೂರು ಕಡೆ ಆಂಧ್ರದ ಗಡಿ, ಮೇಲಿಂದ ಮೇಲೆ ಬರ, ಕೊಳವೆಬಾವಿಯಲ್ಲಿ ಫ್ಲೋರೈಡ್ ನೀರು. ಹಲ್ಲು ಹಳದಿಯಾಗುವುದು, ಮೂಳೆ ಬಾಗುವುದು ಹತ್ತಾರು ವರ್ಷದ ಕ್ರಿಯೆ, ಅದಕ್ಕೆ ‘ಬ್ರೇಕಿಂಗ್’ ಪಟ್ಟಿ ಬೀಳುವುದಿಲ್ಲ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದಾಗ ದೇಶವಿಡೀ ಸುದ್ದಿಯಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರ ಜಮೀನನ್ನು ಗುತ್ತಿಗೆಗೆ ಪಡೆದದ್ದು ನಿಜವಾಗಿಯೂ ಹೊಸ ದಾರಿ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಬರಲಿಲ್ಲ, ಹೊಲದ ಕೆಲಸವೂ ಹೋಯಿತು ಎಂಬ ಮಾತನ್ನು ವರ್ಷಗಟ್ಟಲೆ ಬೆನ್ನುಹತ್ತಿ ಬರೆಯಲು ಅಲ್ಲೇ ಇರುವ, ಸಂಬಳ ಇರುವ ವರದಿಗಾರ ಬೇಕು. ಕೊರಟಗೆರೆಯ ಬೈರಗೊಂಡ್ಲು ಬಳಿ ಎತ್ತಿನಹೊಳೆ ಯೋಜನೆಯ ಜಲಾಶಯದಲ್ಲಿ ಮುಳುಗಲಿರುವ ಜಮೀನಿಗೆ ಪಕ್ಕದ ದೊಡ್ಡಬಳ್ಳಾಪುರಕ್ಕಿಂತ ಕಡಿಮೆ ಪರಿಹಾರ ಯಾಕೆ ಎಂಬ ರೈತರ ಪ್ರಶ್ನೆಯೂ ಅಂಥದೇ. ಕಡತ ಓದಿ, ಎರಡೂ ತಾಲ್ಲೂಕಿನ ದರ ತಾಳೆ ನೋಡಿ, ಮತ್ತೆ ಮತ್ತೆ ಬರೆಯಬೇಕು. ಮೊಬೈಲ್ ಹಿಡಿದು ಹೋಗುತ್ತಾ ಮಾಡುವ ಕೆಲಸ ಇದಲ್ಲ.

ಹಾಗಾದರೆ ಸ್ವಾತಂತ್ರ್ಯವನ್ನು ತಾಲ್ಲೂಕಿನಲ್ಲಿ ಅಳೆಯುವುದು ಹೇಗೆ? ಮೌನವನ್ನು ಎಣಿಸಲಾಗದು ಎಂದು ಕೈಚೆಲ್ಲಬೇಕಿಲ್ಲ, ಅದರ ಗುರುತುಗಳನ್ನು ಎಣಿಸಬಹುದು. ಒಂದು ವರ್ಷದಲ್ಲಿ ಈ ನಾಲ್ಕು ತಾಲ್ಲೂಕಿನ ವರದಿಗಾರರಿಗೆ ಎಷ್ಟು ವಕೀಲರ ನೋಟಿಸ್ ಬಂದವು, ಎಷ್ಟು ದೂರು ದಾಖಲಾದವು, ಅವುಗಳಲ್ಲಿ ಎಷ್ಟು ಬಿದ್ದುಹೋದವು? ಮಾಹಿತಿ ಹಕ್ಕಿನಲ್ಲಿ ಕೇಳಿದ ಎಷ್ಟು ಪ್ರಶ್ನೆಗಳಿಗೆ ತಾಲ್ಲೂಕು ಕಚೇರಿಗಳು ಮೂವತ್ತು ದಿನದೊಳಗೆ ಉತ್ತರಿಸಿದವು? 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಗೆ ತಂದ ತಿದ್ದುಪಡಿಯನ್ನು ತೋರಿಸಿ, ಫಲಾನುಭವಿಗಳ ಹೆಸರು ವೈಯಕ್ತಿಕ ಮಾಹಿತಿ ಎಂದು ಎಷ್ಟು ಅರ್ಜಿ ತಿರಸ್ಕರಿಸಿದರು? ತಾಲ್ಲೂಕು ವರದಿಗಾರರಲ್ಲಿ ಎಷ್ಟು ಮಂದಿಯ ಬಳಿ ನೇಮಕದ ಪತ್ರ ಇದೆ? ಗುತ್ತಿಗೆದಾರನ ಹೆಸರು ಹೇಳಿ ಬರೆದ ಕಾಮಗಾರಿಯ ವರದಿಗಳು ವರ್ಷಕ್ಕೆ ಎಷ್ಟು? ಇವಕ್ಕೆ ಪ್ಯಾರಿಸ್ಸಿನ ತಜ್ಞರು ಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು. ಇಂಥ ಲೆಕ್ಕದಲ್ಲೂ ತಪ್ಪು ಬರಬಹುದು, ತಮಗಾದ ಬೆದರಿಕೆಯನ್ನು ಹೇಳಿಕೊಳ್ಳಲು ಹೆದರುವವರೂ ಇರುತ್ತಾರೆ. ಹೆಸರಿಲ್ಲದೆ ಬರೆದುಕೊಡಲು ಅವಕಾಶ ಕೊಟ್ಟರೆ ಅರ್ಧ ಹೆದರಿಕೆ ಕಳೆಯುತ್ತದೆ. ಬ್ಲ್ಯಾಕ್‌ಮೇಲ್ ಮಾಡುವ ಹುಸಿ ಪತ್ರಕರ್ತರೂ ಇದರಲ್ಲಿ ಸೇರಿಕೊಳ್ಳುವುದಿಲ್ಲವೇ ಎಂದರೆ, ಲೆಕ್ಕ ಬಹಿರಂಗವಾದಷ್ಟೂ ಅವರು ಬೇಗ ಗುರುತಾಗುತ್ತಾರೆ. ಕೇಸು ಯಾಕೆ ಬಿತ್ತು ಎಂಬುದೂ ಆ ಪುಸ್ತಕದಲ್ಲಿ ಇರಬೇಕು.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ನೆನಪಿಗೆ ಪ್ರತಿ ವರ್ಷ ಆ ದಿನ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಶಾಸಕರು ಬರುತ್ತಾರೆ, ಶಾಲು ಹೊದಿಸುತ್ತಾರೆ, ಪತ್ರಿಕಾರಂಗ ನಾಲ್ಕನೇ ಅಂಗ ಎಂಬ ಭಾಷಣವಾಗುತ್ತದೆ. ಮುಂದಿನ ಜುಲೈ 1ರಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪತ್ರಕರ್ತರು ಶಾಲು ಸ್ವೀಕರಿಸುವ ಮೊದಲು, ಆ ವರ್ಷದ ಲೆಕ್ಕವನ್ನು ಅದೇ ವೇದಿಕೆಯಲ್ಲಿ, ಅದೇ ಶಾಸಕರ ಮತ್ತು ಅಧಿಕಾರಿಗಳ ಎದುರಿನಲ್ಲಿ ಓದಿ ಹೇಳಲಿ. ಸಭೆಗೆ ಬಂದ ಓದುಗರು ಅದು ಮುಗಿಯುವವರೆಗೂ ಕೂತು ಕೇಳಲಿ.